ಕೆಲವು ದಿನ ನನ್ನದಾಗಿದ್ದ ಡಾಟ್ ಕಾಮ್

ಕಾಕಾರ ಅವ್ವನ ಹೆಸರು ಕೆಲವು ದಿನ ನನ್ನ ಆಸ್ತಿಯಾಗಿತ್ತು. ಕದ್ದದ್ದಲ್ಲ, ಕೊಂಡದ್ದೂ ಅಲ್ಲ. ನನಗೆ ನಾನೇ ದಾನ ಮಾಡಿಕೊಂಡದ್ದು, ಅದೂ ಕಾಕಾರ ದನಿಯಲ್ಲಿ. ಈ ಕಥೆಯಲ್ಲಿ ಮೂರ್ಖ ಯಾರು ಎಂದು ನೀವು ಕೊನೆಯವರೆಗೆ ಕಾಯುವುದು ಬೇಡ. ನಾನೇ. ಉಳಿದವರು ಕೈಜೋಡಿಸಿದರು, ಅಷ್ಟೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಅಥಣಿ ಕಡೆಯ ಅನಂತಪುರದವನು. ಚಿಕ್ಕೋಡಿಯಲ್ಲಿ ಕಂಪ್ಯೂಟರ್ ಕೋರ್ಸು ಮುಗಿಸಿ, ಕಾಗವಾಡದ ಒಬ್ಬ ಜೈನ ವ್ಯಾಪಾರಿಯ ಹತ್ತಿರ ಕೆಲಸಕ್ಕೆ ನಿಂತಿದ್ದೆ. ಒಣದ್ರಾಕ್ಷಿಯ ವ್ಯಾಪಾರ. ಹಿತ್ತಲಲ್ಲಿ ಶೆಡ್ಡು, ನಡುವೆ ಮನೆ, ಮುಂದೆ ಅಂಗಡಿ. ಅವರು ನನಗೆ ಯಾವ ಸಂಬಂಧದಿಂದಲೂ ಕಾಕಾ, ಅಂದರೆ ಚಿಕ್ಕಪ್ಪ, ಅಲ್ಲ; ಅವರ ಹೆಂಡತಿ ಕಾಕು, ಅಂದರೆ ಚಿಕ್ಕಮ್ಮ, ಅಲ್ಲ. ಆದರೆ ಮಧ್ಯಾಹ್ನ ತಟ್ಟೆ ಹಾಕಿ ಕೂಡಿಸಿ ಉಣ್ಣಿಸುವವರನ್ನು ನಮ್ಮ ಕಡೆ ಬೇರೆ ಏನೆಂದು ಕರೆಯುವುದಿಲ್ಲ. ಅಂಗಡಿಯ ಲೆಕ್ಕ ಬರೆಯುವ ಹಿರಿಯರಿಗೆ ಎಲ್ಲರೂ ದಿವಾಣಜಿ ಎನ್ನುತ್ತಿದ್ದರು. ನನಗೆ ದಿವಾಣಜಿ ಇಟ್ಟ ಹೆಸರು ಮಂಗ್ಯಾ.

ಹೆಸರು ತಪ್ಪಲ್ಲ. ನನ್ನ ಗಂಟಲಲ್ಲಿ ಊರೆಲ್ಲ ಇತ್ತು. ನಿಪ್ಪಾಣಿ ಬಸ್ ಸ್ಟ್ಯಾಂಡಿನಲ್ಲಿ ಮೂಗಿನಿಂದ ಬಸ್ಸು ಕೂಗುವವನು, ಚಿಕ್ಕೋಡಿ ಕೋರ್ಟಿನಲ್ಲಿ ಸೋತ ಮೇಲೂ ಗೆದ್ದವರ ಹಾಗೆ ಮಾತಾಡುವ ವಕೀಲರು, 'ಒಳಗ ಸರೀರಿ, ಒಳಗ ಸರೀರಿ' ಎನ್ನುತ್ತ ತಾನೇ ಬಾಗಿಲಲ್ಲಿ ನಿಲ್ಲುವ ಅಥಣಿ ಗಾಡಿಯ ಕಂಡಕ್ಟರು. ಚಹಾದ ಹೊತ್ತಿಗೆ ಶೆಡ್ಡಿನಲ್ಲಿ ದ್ರಾಕ್ಷಿ ಆರಿಸುವ ಹೆಂಗಸರು ಒಬ್ಬೊಬ್ಬರನ್ನೇ ಕೇಳಿ ಮಾಡಿಸುತ್ತಿದ್ದರು. ಕೊನೆಗೆ ಯಾವಾಗಲೂ ಕಾಕಾರ ಸರದಿ. ಕಾಕಾ ಮಾತು ಶುರು ಮಾಡುವ ಮೊದಲು ಒಮ್ಮೆ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ನನ್ನ ನಕಲಿನ ಕಾಕಾ ಮೂರು ಸಲ, ಒಂದಕ್ಕಿಂತ ಒಂದು ಉದ್ದ. ಕಾಕಾ ಮಾತಿನ ಕೊನೆಗೆ ಆಗೀಗ 'ಬರೋಬರಿ?', ಅಂದರೆ ಸರಿ ತಾನೇ, ಎನ್ನುತ್ತಿದ್ದರು, ನನ್ನ ಕಾಕಾ ಪ್ರತಿ ಮಾತಿಗೂ ಅಂದು, ಯಾರೂ ಬರೋಬರಿ ಅನ್ನದಿದ್ದರೆ ತಾನೇ 'ಬರೋಬರಿ' ಎಂದುಕೊಳ್ಳುತ್ತಿದ್ದ. ಹೆಂಗಸರು ನಕ್ಕಷ್ಟೂ ನಾನು ಉಪ್ಪು ಖಾರ ಹೆಚ್ಚಿಸಿದೆ. ಕೊನೆಕೊನೆಗೆ ನನ್ನ ಕಾಕಾನಿಗೂ ಒಳಗೆ ಕುಳಿತ ಕಾಕಾರಿಗೂ ದೂರದ ನೆಂಟಸ್ತಿಕೆ ಅಷ್ಟೇ ಉಳಿದಿತ್ತು.

ಮುಂಬೈಯ ಒಬ್ಬ ಗಿರಾಕಿ ಬಂದು, ಇನ್ನು ಮುಂದೆ ಡಬ್ಬಿಯ ಮೇಲೆ ಇಂಟರ್ನೆಟ್ ವಿಳಾಸ ಇಲ್ಲದಿದ್ದರೆ ದೊಡ್ಡ ಅಂಗಡಿಗಳು ಮಾಲು ಮುಟ್ಟುವುದಿಲ್ಲ ಎಂದು ಹೇಳಿ ಹೋದ. ಕಾಕಾ ನನ್ನನ್ನು ಕರೆದು ಕೂಡಿಸಿಕೊಂಡರು. ನಾನು ಡೊಮೇನ್ ಹೆಸರು ಅಂದರೆ ಏನು ಎಂದು ಬಿಡಿಸಿ ಹೇಳಿದೆ.

"ಅಂದ್ರ ಮನಿ ಇಲ್ಲ, ಹೊಲಾ ಇಲ್ಲ. ಬರೇ ಬಾಗಲಾ ಮ್ಯಾಲಿನ ಹೆಸರು?"

"ಹೌದ್ರಿ ಕಾಕಾ."

"ಬಾಗಲಾ ಎಲ್ಲೈತಿ?"

"ಅದೂ ಇನ್ನ ಇಲ್ರಿ. ಮೊದಲ ಹೆಸರು, ಆಮ್ಯಾಲೆ ಬಾಗಲಾ."

"ಇದನ್ನ ಕಲಿಯಾಕ ಚಿಕ್ಕೋಡಿಗೆ ಹೋಗಿದ್ದ್ಯಾ?"

ದಿವಾಣಜಿ ಕನ್ನಡಕದ ಮೇಲಿನಿಂದ ನೋಡಿ, "ಹೋಗಿ ಬಂದಾನಲ್ಲ, ಅದ ದೊಡ್ಡದು" ಎಂದರು.

ಆದರೆ ಒಂದು ಮಾತು ಕೇಳಿದ್ದೇ ಕಾಕಾ ನೆಟ್ಟಗೆ ಕುಳಿತರು. ಆ ಹೆಸರು ಜಗತ್ತಿಗೆಲ್ಲ ಒಂದೇ, ಮೊದಲು ಬಂದವರಿಗೆ. ನಮ್ಮ ಡಬ್ಬಿಯ ಮೇಲಿದ್ದದ್ದು ಕಾಕಾರ ಅವ್ವನ ಹೆಸರು. ಊರಲ್ಲಿ ಮೊದಲ ಸಲ ದ್ರಾಕ್ಷಿ ಒಣಗಿಸಿ, ತಲೆಯ ಮೇಲೆ ಹೊತ್ತು ಮೀರಜ್ ಪೇಟೆಗೆ ಒಯ್ದು ಮಾರಿದವರು ಅವರು. ಗಡಿಯಾಚೆಯ ಒಬ್ಬ ವ್ಯಾಪಾರಿ ಎರಡು ಹಂಗಾಮಿನಿಂದ ಅದೇ ಬಣ್ಣದ ಡಬ್ಬಿ, ಅದೇ ಹೆಸರು ಹಾಕಿ ಕಲ್ಲು ಕಸ ತುಂಬಿದ ಮಾಲು ಮಾರುತ್ತಿದ್ದ. ಕಾಕಾರಿಗೆ ಅವನ ಮೇಲಿದ್ದ ಸಿಟ್ಟು ವ್ಯಾಪಾರದ್ದಲ್ಲ.

"ಅವಾ ಮೊದಲ ಹೋದ್ರ?"

"ಅವನದ ಆಕ್ಕೈತ್ರಿ."

"ನಮ್ಮವ್ವ ಅವನಕಿ ಹೆಂಗ ಆಕ್ಕಾಳಲೇ?" ಎಂದು ಎದ್ದೇ ಬಿಟ್ಟರು. "ಇವತ್ತ ಹಿಡಿ ಅದನ್ನ."

ಹಿಡಿಯುವುದು ಯಾರ ಕಡೆಯಿಂದ? ಆಗ ಹೀಗೆ ಹೆಸರು ನೋಂದಾಯಿಸಿ ಕೊಡುವ ಕಂಪನಿಗಳು, ಅಂದರೆ ರಿಜಿಸ್ಟ್ರಾರುಗಳು ಮತ್ತು ಅವರ ಏಜೆಂಟರು, ಒಬ್ಬೊಬ್ಬರಾಗಿ ಹುಟ್ಟಿಕೊಳ್ಳುತ್ತಿದ್ದರು. ನಾನು ವಿಚಾರಿಸಿ ಮೂರು ದಾರಿ ತಂದೆ. ಕಾಕಾ ಫೋನು ಹಿಡಿಯಲಿಲ್ಲ. ಟ್ರಂಕ್ ಕಾಲಿಗೆ ಅರಚಿ ಅರಚಿ ಬೇಸತ್ತ ಕಾಲದವರು ಅವರು. ನಾನು ಮಾತಾಡುವುದು, ಅವರು ಪಕ್ಕದಲ್ಲಿ ಕುಳಿತು ರಿಸೀವರಿಗೆ ಕಿವಿ ಕೊಡುವುದು. ಎಲ್ಲರಿಗೂ ಅವರದೊಂದೇ ಪ್ರಶ್ನೆ: "ಹೆಸರು ಯಾರ ಹೆಸರಲೆ ಇರತೈತಿ, ಕೇಳು."

ಅಮೆರಿಕದ ಕಂಪನಿಗೆ ನೇರವಾಗಿ ಹೋಗಬಹುದಿತ್ತು. ಅವರಿಗೆ ಅಂತರರಾಷ್ಟ್ರೀಯ ಕ್ರೆಡಿಟ್ ಕಾರ್ಡು ಬೇಕು. ನಮ್ಮಲ್ಲಿದ್ದ ಕಾರ್ಡು ರೇಷನ್ನಿನದೊಂದೇ. ಮೀರಜಿನ ಕಂಪ್ಯೂಟರ್ ಕ್ಲಾಸಿನವನು ತಾನೇ ಎಲ್ಲ ಮಾಡಿಕೊಡುತ್ತೇನೆ ಎಂದ. ಹೆಸರು ಮಾತ್ರ ತನ್ನ ಹೆಸರಲ್ಲೇ ಇರುತ್ತದೆ, ನೀವು ವರ್ಷ ವರ್ಷ ಬಾಡಿಗೆ ಕೊಟ್ಟುಕೊಂಡಿರಿ ಎಂದ. ಕಾಕಾ ನನ್ನ ಕೈಯಿಂದ ರಿಸೀವರು ಕಸಿದು, ಒಂದು ಮಾತೂ ಆಡದೆ ಕೆಳಗಿಟ್ಟರು. ಮೂರನೆಯದು ಮುಂಬೈಯ ಒಂದು ಸಣ್ಣ ಕಂಪನಿ. ಅಲ್ಲಿ ಮಾತಾಡಿದವಳು ಧಾರವಾಡ ಕಡೆಯ ಹೆಣ್ಣುಮಗಳು. ಹೆಸರು ಯಾರದೋ ಅವರದೇ ಹೆಸರಲ್ಲಿ ಇರುತ್ತದೆ, ಆದರೆ ಮಾಲಕರ ಬಾಯಿಂದಲೇ ಕೇಳದೆ ತಾನು ಏನೂ ಮಾಡುವುದಿಲ್ಲ, ಫೋನು ಮಾಡಿ ಖಾತ್ರಿ ಮಾಡಿಕೊಳ್ಳುತ್ತೇನೆ ಎಂದಳು. ಆಮೇಲೆ ನಮಗೇ ಇಪ್ಪತ್ತು ಪ್ರಶ್ನೆ ಕೇಳಿದಳು.

"ಇಕಿ ಬರೋಬರಿ ಅದಾಳ" ಎಂದರು ಕಾಕಾ. "ಇಷ್ಟ ಸಂಶಯ ಪಡಾಕಿ ಮೋಸಾ ಹೋಗೂದಿಲ್ಲ. ಮ್ಯಾಲೆ ಕನ್ನಡದಾಕಿ. ನಾಳೆ ಜಗಳ ಬಂದ್ರ ನಮ್ಮ ಭಾಷಾದಾಗ ಜಗಳಾಡಬಹುದು. ಅಮೇರಿಕಾದವನ ಕೂಡ ಇಂಗ್ಲೀಷಿನ್ಯಾಗ ನೀ ಜಗಳಾಡ್ತ್ಯಾ?"

ನನ್ನ ಇಂಗ್ಲಿಷಿನಲ್ಲಿ ಜಗಳ ಆಡಿದರೆ ಎದುರಿನವನು ನಾನು ಕ್ಷಮೆ ಕೇಳುತ್ತಿದ್ದೇನೆ ಅಂದುಕೊಳ್ಳುತ್ತಿದ್ದ. ಹಾಗಾಗಿ ಡ್ರಾಫ್ಟು ಮುಂಬೈಗೇ ಹೋಯಿತು. ಕೊಲ್ಲಾಪುರದ ಪ್ರೆಸ್ಸಿನವನಿಗೆ, ದೀಪಾವಳಿಯ ಹೊಸ ಡಬ್ಬಿಗೆ ಜಾಗ ಬಿಟ್ಟಿರು, ವಿಳಾಸ ಬರುತ್ತದೆ ಎಂದು ಹೇಳಿ ಕಳಿಸಿದೆವು.

ಅಷ್ಟರಲ್ಲಿ ಭಾದ್ರಪದ ಬಂತು, ಜೈನರ ಹತ್ತು ದಿನದ ದಶಲಕ್ಷಣ ಪರ್ವ ಹಿಡಿಯಿತು. ಕಾಕಾ ಪ್ರತಿವರ್ಷ ಒಪ್ಪತ್ತು ಊಟ ಮಾಡುತ್ತಿದ್ದರು. ಆ ವರ್ಷ ಅದರ ಮೇಲೆ ಮೌನವನ್ನೂ ಹಿಡಿದರು. ಪರ್ವ ಮುಗಿಯುವವರೆಗೆ ಬಾಯಲ್ಲಿ ಮಾತಿಲ್ಲ, ಚೀಟಿಯಲ್ಲಿ ಬರೆದು ತೋರಿಸುವುದೂ ಇಲ್ಲ. ಕೈಸನ್ನೆ ಒಂದೇ. ಅಂಗಡಿಯೆಲ್ಲ ಮೂಕಾಭಿನಯದ ಶಾಲೆಯಾಯಿತು. ಕಾಕಾ ಬೆರಳು ತಿರುಗಿಸಿದರೆ ದಿವಾಣಜಿ ತಕ್ಕಡಿ ತರುತ್ತಿದ್ದರು. ಬೇಕಾದದ್ದು ಫ್ಯಾನು ಹಾಕುವುದು.

ಒಂದು ಮಧ್ಯಾಹ್ನ ಕಾಕಾ ಬಸದಿಗೆ ಹೊರಟು ಹೊಸ್ತಿಲ ಮೇಲೆ ನಿಂತಿದ್ದರು. ಫೋನು ಬಂತು. ಮುಂಬೈ.

ನಾನು ಮೌತ್‌ಪೀಸಿಗೆ ಕೈ ಮುಚ್ಚಿ, "ಕಾಕಾ, ಆ ಅಕ್ಕಾರು. ನಿಮ್ಮ ಬಾಯಿಂದನ ಕೇಳಬೇಕಂತ್ರಿ" ಎಂದೆ. ಕಾಕಾ ತುಟಿಯ ಮೇಲೆ ಬೆರಳಿಟ್ಟರು. ಆಮೇಲೆ ನನ್ನನ್ನು ತೋರಿಸಿದರು, ಫೋನು ತೋರಿಸಿದರು, ಗಾಳಿಯಲ್ಲಿ ಕೈ ಬೀಸಿದರು. "ನಾನ ಮಾತಾಡ್ಲ್ಯಾ?" ಎಂದೆ. ಹೌದೆನ್ನುವಂತೆ ತಲೆ ಅಲ್ಲಾಡಿಸಿದರು, ಹೋದರು.

ಅವರು ಹೇಳಿದ್ದು: ನನ್ನದು ಮೌನ ಐತಿ, ಪರ್ವ ಮುಗಿದ ಮ್ಯಾಲೆ ಫೋನ್ ಮಾಡ ಅಂತ ಹೇಳು. ನಾನು ತಿಳಿದದ್ದು: ನನ್ನ ಬಾಯಿ ಕಟ್ಟೇತಿ, ನನ್ನ ದನೀಲೆ ನೀನ ಮಾತಾಡು. ಬೇರೆ ಯಾರಾದರೂ ಹೀಗೆ ತಿಳಿಯುತ್ತಿದ್ದರೇ? ಇಲ್ಲ. ಬೇರೆ ಯಾರ ಗಂಟಲೂ ಅಷ್ಟು ತುರಿಸುತ್ತಿರಲಿಲ್ಲ.

ಮೂರು ಸಲ ಗಂಟಲು ಸರಿಮಾಡಿಕೊಂಡೆ.

"ಹಾಂ ಹೇಳವಾ ತಂಗಿ. ನಾನ ಮಾತಾಡಾಕತ್ತೇನಿ. ಬರೋಬರಿ?"

ಆಕೆ ಫಕ್ಕನೆ ನಕ್ಕಳು. ಅದೇ ನನ್ನ ನಾಶ. ನಗುವವರು ಒಬ್ಬರು ಸಿಕ್ಕರೆ ನಾನು ಶೆಡ್ಡಿಗೂ ಮುಂಬೈಗೂ ವ್ಯತ್ಯಾಸ ಮಾಡುವವನಲ್ಲ. ಡಬ್ಬಿ ಕದಿಯುವವನ ಕಥೆ ಹೇಳಿದೆ. ಅವನ ದ್ರಾಕ್ಷಿ ತಿಂದವರು ಹಲ್ಲಿನ ಡಾಕ್ಟರ ಮನೆಗೆ ನೆಟ್ಟಗೆ ಹೋಗುತ್ತಾರೆ ಎಂದೆ. ಆಕೆ ನಗುತ್ತಲೇ, ನಿಮ್ಮ ಕಡೆಯಿಂದ ನಮ್ಮ ಜೊತೆ ಕಾಗದ ಪತ್ರ ನೋಡಿಕೊಳ್ಳುವವರು ಯಾರು, ಯಾರ ಹೆಸರು ಹಾಕಲಿ ಎಂದು ಕೇಳಿದಳು.

"ನಮ್ಮ ಹುಡುಗ ಒಬ್ಬ ಅದಾನ. ಭಾಳ ಶಾಣ್ಯಾ. ಬಂಗಾರದಂಥಾ ಹುಡುಗ. ನನಗಿಂತ ಅವಗ ಹೆಚ್ಚ ತಿಳಿತೈತಿ. ಎಲ್ಲಾ ಅವನ ಹೆಸರಲೆ ಇರಲಿ. ಬರೋಬರಿ? ಬರೋಬರಿ."

ಕಾಕಾರ ಬಾಯಿಂದ ಎಂದೂ ಬರದ ಮಾತು. ಬರಲಿಲ್ಲ ಅಂತಲೇ ನಾನು ಹೇಳಿಕೊಂಡೆ. ಅಷ್ಟಕ್ಕೇ ನಿಲ್ಲಿಸದೆ ಕೊನೆಗೊಂದು ಮುದ್ರೆ ಒತ್ತಿದೆ: "ಇನ್ನೊಂದ ಹೇಳ್ತೇನಿ ತಂಗಿ. ಆ ಡಬ್ಬಿ ಕಳ್ಳ ನಾಳೆ ನಾನ ಅಂತ ಹೇಳಿ ನಿನಗ ಫೋನ್ ಮಾಡತಾನ. ನಂಬಬ್ಯಾಡ. ಈ ದನಿ ಕಿವ್ಯಾಗ ಇಟ್ಕೊ."

"ಇಟ್ಕೊಂಡೇನ್ರಿ ಕಾಕಾ" ಎಂದಳು, ಪಾಪ.

ಮರುದಿನ ಆಕೆಯೇ ಮತ್ತೆ ಫೋನು ಮಾಡಿ ನನ್ನನ್ನು ಕೇಳಿದಳು. ನಾನೇ ಎಂದೆ, ನನ್ನದೇ ದನಿಯಲ್ಲಿ. "ಪೇಢೆ ಕೊಡ್ರಿ. ಕಾಕಾರು ಹೇಳಿದಂಗ ಎಲ್ಲಾ ನಿಮ್ಮ ಹೆಸರಲೆ ಮಾಡೇನಿ. ಮಾಲಕರು ನೀವ!"

"ಮಾಲಕ ಅಲ್ರಿ ಅಕ್ಕಾರ. ಕಾಗದ ನೋಡ್ಕೊಳ್ಳಾಕ ಅಷ್ಟ..."

"ಎಲ್ಲಾ ಅಂದ್ರಲ್ಲ ಕಾಕಾರು. ತಿದ್ದೂದಿದ್ರ ಅವರ ಬಾಯಿಂದ ಹೇಳಸ್ರಿ. ನಾ ಗಣಪತಿ ಕಳಿಸಾಕ ಊರಿಗೆ ಹೊಂಟೇನಿ, ಬಂದ ಮ್ಯಾಲೆ ಪಕ್ಕಾ ಮಾಡ್ತೇನಿ. ಒಮ್ಮೆ ಪಕ್ಕಾ ಆತು ಅಂದ್ರ ಆಮ್ಯಾಲೆ ಸಹಿ, ನೋಟರಿ, ತಿಂಗಳಾನುಗಟ್ಟಲೆ ತಿರುಗ್ಯಾಟ ನೋಡ್ರಿ."

ಫೋನು ಇಟ್ಟೆ. ಎದುರಿಗೆ ದಿವಾಣಜಿ. ಅವರ ಕಿವಿ ಕಣ್ಣಿಗಿಂತ ಚುರುಕು.

"ಏನಂದ್ಲು? ಯಾರು ಮಾಲಕ?"

ಹೇಳಿದೆ. ಹೇಳುತ್ತ ಹೇಳುತ್ತ ನನ್ನ ದನಿ ನನಗೇ ಕೇಳದಷ್ಟಾಯಿತು. ದಿವಾಣಜಿ ಎದ್ದು ನಿಂತು, ಎರಡೂ ಕೈ ಮುಗಿದರು. "ನಮಸ್ಕಾರ್ರಿ ಮಾಲಕರ. ಕೂಡ್ರಿ. ಗಾದಿ ಹಾಸಲ್ಯಾ?"

"ದಿವಾಣಜಿ, ಚೇಷ್ಟಾ ಬ್ಯಾಡ್ರಿ."

"ಚೇಷ್ಟಾ ನೀ ಮಾಡೀದಿ, ನಾ ಕೈ ಮುಗದೇನಿ. ಸಾಹುಕಾರನ ಅವ್ವನ್ನ ಆ ಕಳ್ಳ ಡಬ್ಬಿ ಮ್ಯಾಲಷ್ಟ ಹಾಕಿದ್ದ. ನೀ ಪೂರಾ ಮನಿಗೇ ಒಯ್ದಿ."

ಆ ಮಾತು ನಾಟಿತು. ಊರಲ್ಲಿ ಇದು ಗೊತ್ತಾದರೆ ಯಾರೂ ತಮಾಷೆ ಅನ್ನುವುದಿಲ್ಲ. ಚಿಕ್ಕೋಡಿಯಲ್ಲಿ ಕಲಿತು ಬಂದವನು ಮಾತಾಡಲಾಗದ ಮುದುಕನಿಗೆ ಟೋಪಿ ಹಾಕಿದ ಎನ್ನುತ್ತಾರೆ. ಅನಂತಪುರದಲ್ಲಿ ನನ್ನ ಅಪ್ಪನಿಗೂ ಆ ಮಾತು ಮುಟ್ಟುತ್ತದೆ. ಕಾಕಾರಿಗೆ ಆಗಲೇ ಹೇಳಿಬಿಡೋಣ ಎಂದುಕೊಂಡೆ. ಮೌನದಲ್ಲಿದ್ದಾರೆ, ಬೈಯಲಾರರು ಎಂಬ ಲಾಭವೂ ಇತ್ತು.

ದಿವಾಣಜಿ ತಡೆದರು. "ಹೇಳಿ ನೋಡು. ಸಿಟ್ಟಿನ್ಯಾಗ ಒಂದ ಶಬ್ದ ಬಾಯಿಂದ ಬಂತಂದ್ರ ವ್ರತಾ ಮುರೀತು. ಹೆಸರಿನ ಮ್ಯಾಲೆ ಅದನ್ನೂ ನೀನ ಇಟ್ಕೊಳ್ಳಾಂವಾ?"

ಹಾಗಾಗಿ ಬಾಯಿ ಮುಚ್ಚಿದೆ. ಮನೆಯಲ್ಲಿ ಮೌನ ಹಿಡಿದವರು ಈಗ ಇಬ್ಬರಾದರು. ಒಬ್ಬರಿಗೆ ಪುಣ್ಯ ಬರುತ್ತಿತ್ತು. ಚಹಾದ ಹೊತ್ತಿಗೆ ಶೆಡ್ಡಿನ ಹೆಂಗಸರು ಕಾಕಾನ್ನ ಮಾಡೋ ಎಂದರೆ ಹೊಟ್ಟೆನೋವು ಎನ್ನುತ್ತಿದ್ದೆ. ಒಮ್ಮೆ ನಾಚಿಕೆ ಬಿಟ್ಟು, ಅದೇ ಹಾಳು ದನಿಯಲ್ಲಿ ಮುಂಬೈಗೆ ಫೋನು ಮಾಡಿ ತಿದ್ದಿಸಿಬಿಡೋಣ ಎಂದೂ ನೋಡಿದೆ. ಎತ್ತಿದವನು ಯಾರೋ ಗಂಡಸು. ಮೇಡಂ ಊರಿಗೆ ಹೋಗಿದ್ದಾರೆ, ಅವರ ಕೆಲಸ ಅವರೇ ನೋಡಬೇಕು ಎಂದು ಹಿಂದಿಯಲ್ಲಿ ಹೇಳಿ ಇಟ್ಟ. ಇತ್ತ ಕೊಲ್ಲಾಪುರದ ಪ್ರೆಸ್ಸಿನವನು ಅಚ್ಚು ಹಾಕಲೇ ಎಂದು ಕೇಳುತ್ತಿದ್ದ. ಕಾಕಾ ಖುಷಿಯಿಂದ ನನ್ನತ್ತ ಕೈ ಮಾಡಿ ತೋರಿಸುತ್ತಿದ್ದರು: ಇವನ್ನ ಕೇಳ್ರಿ. ಅಚ್ಚಿನ ಮಾತು ಬಂದಾಗೆಲ್ಲ ನಾನು ಶೆಡ್ಡಿನ ಕಡೆ ಜಾರಿಕೊಳ್ಳುತ್ತಿದ್ದೆ.

ಪರ್ವ ಮುಗಿಯಿತು. ಅದರ ಬೆನ್ನಿಗೆ ಬರುವುದು ಕ್ಷಮಾವಣಿ. ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಆ ದಿನ ಎಲ್ಲರೂ ಎಲ್ಲರಲ್ಲೂ ಕ್ಷಮೆ ಕೇಳುತ್ತಾರೆ. ಕೇಳಿದವರಿಗೆ ಇಲ್ಲ ಅನ್ನುವಂತಿಲ್ಲ. ನಾನು ಜೈನ ಅಲ್ಲದಿದ್ದರೂ ಆ ವರ್ಷ ಆ ಹಬ್ಬಕ್ಕೆ ಕಾದಷ್ಟು ಯಾವ ಜೈನರೂ ಕಾದಿರಲಿಕ್ಕಿಲ್ಲ. ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ಹಚ್ಚಿಕೊಂಡು, ಅಂಗಡಿಗೆ ಎಲ್ಲರಿಗಿಂತ ಮೊದಲು ಹೋದೆ.

ಕಾಕಾ ಬಸದಿಯಿಂದ ಬಂದವರೇ ನನ್ನ ಮುಂದೆ ನಿಂತು ಕೈ ಮುಗಿದರು. ಇಷ್ಟು ದಿನದ ಮೇಲೆ ಕೇಳಿದ ಅವರ ದನಿ. "ಏನರೆ ತಪ್ಪ ಆಗಿದ್ರ ಕ್ಷಮಾ ಮಾಡಪಾ."

"ಕಾಕಾ, ನೀವ ಮೊದಲ ಕೇಳಬ್ಯಾಡ್ರಿ!" ಎಂದು ಕಾಲಿಗೆ ಬಿದ್ದೆ. "ನಂದು ದೊಡ್ಡದೈತ್ರಿ." ಬಿದ್ದಲ್ಲಿಂದಲೇ ಎಲ್ಲ ಹೇಳಿದೆ. ಮುಖ ನೋಡುತ್ತ ಹೇಳುವುದಕ್ಕಿಂತ ಚಪ್ಪಲಿ ನೋಡುತ್ತ ಹೇಳುವುದು ಸುಲಭ.

ಚಪ್ಪಲಿಗಳು ಒಂದು ಹೆಜ್ಜೆ ಹಿಂದೆ ಸರಿದವು. ವ್ರತ ಇನ್ನೂ ಮುಗಿದಿಲ್ಲವೇನೋ ಎಂದು ಆಸೆಯಾಯಿತು.

"ನನ್ನ ದನಿ ತಗದ್ಯಾ?"

"ಹೌದ್ರಿ."

"ನಮ್ಮವ್ವನ ಹೆಸರ ನಿನ್ನ ಹೆಸರಲೆ ಬರಿ ಅಂದ್ಯಾ?"

"ಹಂಗ ಆತ್ರಿ."

"ಏಳು. ಇವತ್ತ ಕ್ಷಮಾ. ನಾಳಿದು ನಾಳೆ ನೋಡೂಣು. ಫೋನ್ ಹಚ್ಚು."

ದಿವಾಣಜಿ ಗಲ್ಲಾಪೆಟ್ಟಿಗೆಯ ಹಿಂದಿನಿಂದ, "ಸಾಹುಕಾರ, ಇವನ ನಿಮ್ಮ ದನೀಲೆ ಹೇಳಿಬಿಡ್ಲಿ. ಎರಡ ಮಿನಿಟಿನ ಕೆಲಸ" ಎಂದರು.

"ಬ್ಯಾಡ. ಸುಳ್ಳ ದನೀಲೆ ಹೋಗೇತಿ, ಸುಳ್ಳ ದನೀಲೆ ಬರೂದ ಬ್ಯಾಡ. ನಮ್ಮವ್ವನ ಹೆಸರದು. ನಾನ ಕೇಳತೇನಿ."

ಆಕೆ ಊರಿಂದ ಬಂದಿದ್ದಳು, ಪುಣ್ಯಕ್ಕೆ. ನಾನು ಎರಡು ಮಾತಾಡಿ ಕಾಕಾರಿಗೆ ಕೊಟ್ಟೆ. ಈ ಸಲ ನಾನು ಪಕ್ಕದಲ್ಲಿ ಕುಳಿತು ಕಿವಿ ಕೊಟ್ಟವನು.

"ನಾ ಕಾಗವಾಡದಿಂದ ಮಾತಾಡೋದು. ಆ ಹೆಸರ ನಂದು. ನನ್ನ ಹೆಸರಿಗೆ ಮಾಡ್ರಿ" ಎಂದರು ಕಾಕಾ. ಅಷ್ಟೇ. ಉಪ್ಪಿಲ್ಲ, ಖಾರವಿಲ್ಲ.

ಆಚೆಯ ದನಿ ಥಟ್ಟನೆ ಗಟ್ಟಿಯಾಯಿತು. "ಯಾರ್ರಿ ನೀವು?"

"ನಾನ. ಸಾಹುಕಾರ."

"ಸಾಹುಕಾರ್ರ ದನಿ ನನಗ ಗುರುತೈತ್ರಿ. ಅವರು ಮೊದಲ ಹೇಳ್ಯಾರ, ಒಬ್ಬ ಕಳ್ಳ ಫೋನ್ ಮಾಡತಾನ ಅಂತ. ನಾಚಿಕಿ ಆಗಬೇಕ್ರಿ ನಿಮಗ, ವಯಸ್ಸಾದವರು ಇದ್ದಂಗ ಅದೀರಿ."

ಕಾಕಾ ರಿಸೀವರನ್ನು ದೂರ ಹಿಡಿದು ನೋಡಿದರು. ತಮ್ಮ ಅವ್ವನ ಹೆಸರು ಕೇಳಿದ್ದಕ್ಕೆ ತಾವೇ ಕಳ್ಳರಾಗಿದ್ದರು. ಅವರ ಮುಖ ನೋಡಿ ನನಗೆ ನಗು ಬರಲಿಲ್ಲ; ಅದೊಂದು ದಾಖಲೆ.

ನಾನು ಫೋನು ತೆಗೆದುಕೊಂಡು ಅಕ್ಕಾರ, ಅವತ್ತು ಮಾತಾಡಿದ್ದು ನಾನು, ಖರೆ ಕಾಕಾ ಇವರೇ ಎಂದೆ. ನಂಬಲಿಲ್ಲ. ಅವನು ನಿನ್ನ ಪಕ್ಕದಲ್ಲಿ ಕುಳಿತು ಹೆದರಿಸಿ ಹೇಳಿಸುತ್ತಿದ್ದಾನೇನು ಎಂದು ನನ್ನ ಮೇಲೆ ಕನಿಕರಪಟ್ಟಳು. ಬೇಕಾದರೆ ಈಗ ಮಾಡಿ ತೋರಿಸುತ್ತೇನೆ ಎಂದು ಮೂರು ಸಲ ಗಂಟಲು ಸರಿಮಾಡಿಕೊಂಡು, "ಹಾಂ ತಂಗಿ, ಬರೋಬರಿ?" ಎಂದೆ.

"ಕಾಕಾ! ಬಂದ್ರ್ಯಾ?" ಎಂದಳು ಆಕೆ, ಜೀವ ಬಂದ ಹಾಗೆ. "ಯಾರೋ ಒಬ್ಬಾಂವ ನಿಮ್ಮ ಹೆಸರ ಹೇಳಾಕತ್ತಿದ್ದ. ನಾ ಬರೋಬರಿ ಜಾಡಿಸೇನಿ ನೋಡ್ರಿ!"

ದಿವಾಣಜಿ ತಲೆಯ ಮೇಲೆ ಕೈ ಇಟ್ಟುಕೊಂಡರು. "ಕಾಕಾ, ನೀವು ಒಂದೀಟ ನನ್ನಂಗ ಗಂಟಲಾ ಎಳೀರಿ" ಎಂದು ಬೇಡಿಕೊಂಡೆ. ಪಾಪ, ಎಳೆದರು. ಒಂದು ಸಲ, ಎರಡು ಸಲ. ಮೂರನೆಯದಕ್ಕೆ ನಿಜವಾದ ಕೆಮ್ಮೇ ಬಂತು. 'ಬರೋಬರಿ?' ಎಂದದ್ದು ಸಾಲ ಕೇಳಿದ ಹಾಗೆ ಬಂತು. ಆಕೆ, "ನಕಲ ಮಾಡಾಕೂ ಬರೂದಿಲ್ಲ ನಿಮಗ" ಎಂದಳು.

ಕಾಕಾ ಸಿಡಿದರು. "ನಾ ಹಿಂಗ ಮಾತಾಡ್ತೇನೇನಲೇ?"

ಒಳಗಿನ ಬಾಗಿಲಲ್ಲಿ ಕಾಕು ಬಂದು ನಿಂತಿದ್ದರು, ಕೈಗೆ ಹಿಟ್ಟು. ಎಷ್ಟು ಹೊತ್ತಿನಿಂದ ನಿಂತಿದ್ದರೋ. "ಕೊಡ ಇಲ್ಲೆ" ಎಂದು ಎರಡು ಬೆರಳಲ್ಲಿ ರಿಸೀವರು ಹಿಡಿದು, ತಾವು ಯಾರೆಂದು ಹೇಳಿದರು. "ಯಾಕವಾ ತಂಗಿ, ನಮ್ಮ ಮನಿಯವ್ರನ್ನ ಅವರಲ್ಲ ಅಂತಿ?"

ಆಕೆ ಬಿಡಲಿಲ್ಲ. ಇವರು ಕಾಕಾ ಅಲ್ಲ ಕಾಕೂರ, ದನಿ ಅಷ್ಟೇ ಅಲ್ಲ, ಅವತ್ತಿನ ಕಾಕಾರು ನನ್ನ ನಗಿಸಿ ನಗಿಸಿ ಕಣ್ಣಾಗ ನೀರ ತರಿಸ್ಯಾರ, ಇವರು ಅಂಥವರಲ್ಲ ಎಂದಳು. ಅದಕ್ಕೆ ಕಾಕು ಒಂದು ಮಾತು ಅಂದರು. ಆಮೇಲೆ ಆಕೆ ನಕ್ಕದ್ದು ರಿಸೀವರು ದಾಟಿ ಅಂಗಡಿಗೆಲ್ಲ ಕೇಳಿಸಿತು. ತಪ್ಪಾತ್ರಿ ಕಾಕೂರ, ಈಗ ಗುರುತ ಸಿಕ್ಕಿತು, ಇವತ್ತೇ ಅವರ ಹೆಸರಿಗೆ ಬರೀತೇನಿ ಎಂದಳು. ಬರೆದಳು. ಕೊಲ್ಲಾಪುರಕ್ಕೆ ಅಚ್ಚು ಹಾಕು ಎಂದು ಫೋನು ಹೋಯಿತು. ದಿವಾಣಜಿಯ ಬಾಯಲ್ಲಿ ನಾನು ಮಾಲಕ ಹೋಗಿ ಮತ್ತೆ ಮಂಗ್ಯಾ ಆದೆ. ಆ ಹೆಸರು ಅಷ್ಟು ಸಿಹಿ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಎಷ್ಟೋ ದಿನದ ಮೇಲೆ ಹಸಿವಾಯಿತು, ಕಾಕು ಬಡಿಸಿದ್ದನ್ನೆಲ್ಲ ಉಂಡೆ. ಕಾಕಾ ಮಾತ್ರ ಊಟ ಮುಗಿಯುವವರೆಗೆ ಮತ್ತೆ ಮೌನದಲ್ಲಿದ್ದರು. ಕಾಕು ಫೋನಿನಲ್ಲಿ ಅಂದದ್ದು ಇಷ್ಟು:

"ನಿನ್ನ ನಗಿಸಿದ್ರ? ಹಂಗಾರ ಅವತ್ತ ಮಾತಾಡಿದಾಂವ ನನ್ನ ಗಂಡ ಅಲ್ಲ ಬಿಡವಾ. ಲಗ್ನಾಗಿ ಬಂದಾಗಿಂದ ದಾರಿ ಕಾಯಾಕತ್ತೇನಿ, ನನ್ನ ಒಮ್ಮೆರೆ ನಗಿಸಿಲ್ಲ ಇವ್ರು."